ಗಣಕಯಂತ್ರಗಳ ಕೋರಂ

2018ನೆಯ ಇಸವಿ ಅಕ್ಟೋಬರ್ 21ನೆಯ ತಾರೀಖು, ಗ್ರೀನಿಚ್ ಕಾಲಮಾನ ರಾತ್ರಿ 10 ಗಂಟೆ 52 ನಿಮಿಷಕ್ಕೆ, ಅಮೆರಿಕದ ಗಿಟ್‌ಹಬ್ ಎಂಬ ಕಂಪೆನಿಯ ನೌಕರರು ಕೆಡುತ್ತ ಬಂದಿದ್ದ ಒಂದು ಸಂಪರ್ಕೋಪಕರಣವನ್ನು ಬದಲಾಯಿಸುತ್ತಿದ್ದರು. ಅದು ದಿನವಹಿ ದುರಸ್ತಿಯ ಕೆಲಸ. ಆ ಸಂದರ್ಭದಲ್ಲಿ ಕಂಪೆನಿಯ ಪೂರ್ವತೀರದ ಮುಖ್ಯ ಗಣಕಕೇಂದ್ರಕ್ಕೆ ಹೊರಗಿನೊಡನಿದ್ದ ಸಂಬಂಧವು ಕಡಿದುಹೋಯಿತು. 43 ಸೆಕೆಂಡುಗಳಲ್ಲಿ ಮತ್ತೆ ಕೂಡಿಕೊಂಡಿತು. ವೀಳ್ಯದೆಲೆಗೆ ಸುಣ್ಣ ಸವರಿ ಮಡಿಸುವಷ್ಟು ಹೊತ್ತು. ಅಷ್ಟರಿಂದ ಹುಟ್ಟಿದ ತೊಡಕನ್ನು ಬಿಡಿಸುವುದಕ್ಕೆ ಹಿಡಿದ ಕಾಲವಾದರೋ 24 ಗಂಟೆ 11 ನಿಮಿಷ. ಗಣಕಯಂತ್ರಗಳಿಗೆ ಪ್ರೋಗ್ರಾಮು ಬರೆಯುವ ಕೋಟ್ಯಂತರ ಜನರು ತಮ್ಮ ಬರವಣಿಗೆಯನ್ನು ಇಟ್ಟುಕೊಳ್ಳುವ ಭಂಡಾರವದು. ಒಂದು ಹಗಲು ಒಂದು ರಾತ್ರಿ ಅದರ ವ್ಯವಹಾರವು ಅಸ್ತವ್ಯಸ್ತವಾಯಿತು. ನಡೆದದ್ದನ್ನೆಲ್ಲ ಕಂಪೆನಿಯವರೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರೆಂಬುದು ಅವರಿಗೆ ಭೂಷಣವಾದ ಸಂಗತಿ.

ಸಾವಿರಾರು ಮೈಲಿಗಳಾಚೆಯ ಒಂದು ವ್ಯಾಪಾರಿ ಸಂಸ್ಥೆಯ ಈ ವೃತ್ತಾಂತ ನಮಗೇತಕ್ಕೆ ಎಂದು ವಾಚಕರು ಕೇಳಬಹುದು. ನಮ್ಮ ರೈತನ ಪಹಣಿಯು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕವನ್ನು ಬಿಟ್ಟು ಗಣಕಯಂತ್ರಕ್ಕೆ ಏರಿ ಇಪ್ಪತ್ತು ವರ್ಷಗಳ ಮೇಲಾಯಿತು. ಬ್ಯಾಂಕಿನ ಖಾತೆ, ಪಿಂಚಣಿ, ಪಡಿತರ ಚೀಟಿ, ರೈಲಿನ ಟಿಕೆಟ್ಟು, ಕೊನೆಗೆ ಸಂತೆಯಲ್ಲಿ ಕೊಳ್ಳುವ ಸೊಪ್ಪಿನ ಬೆಲೆ ಕೂಡ ಯಂತ್ರಗಳ ಮೂಲಕವೇ ಸಂದಾಯವಾಗುತ್ತಿರುವುದು. ಕಚೇರಿಯ ಕಿಟಕಿಯ ಮುಂದೆ ನಿಂತವನಿಗೆ ‘ಸರ್ವರ್ ಡೌನ್’ ಎಂಬ ಎರಡು ಶಬ್ದಗಳ ಉತ್ತರ ಸಿಕ್ಕಿದಾಗ ಅವನು ಸಿಟ್ಟಿಗೇಳುವುದು ನ್ಯಾಯವೇ. ಆದರೆ ಆ ಶಬ್ದಗಳ ಹಿಂದೆ ಕೆಲವು ಸಲ ಅಲಕ್ಷ್ಯವೂ ಕೆಲವು ಸಲ ವಿವೇಕವೂ ಇರುವುದುಂಟು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಬೇಕಾದರೆ, ಅನೇಕ ಗಣಕಯಂತ್ರಗಳು ತಮ್ಮೊಳಗೆ ಒಂದು ಮಾತಿಗೆ ಬರುವ ಕ್ರಮವೇನೆಂಬುದನ್ನು ತಿಳಿಯತಕ್ಕದ್ದಾಗಿದೆ.

ಲೆಕ್ಕದ ಪುಸ್ತಕವು ಒಂದೇ ಇದ್ದು ಒಂದೇ ಸ್ಥಳದಲ್ಲಿದ್ದರೆ ವ್ಯಾಜ್ಯವಿಲ್ಲ. ಆದರೆ ಆ ಸ್ಥಳಕ್ಕೆ ಬೆಂಕಿ ತಗುಲಿದರೆ ಲೆಕ್ಕವೂ ಇಲ್ಲ. ಆದಕಾರಣ ಅದೇ ಪುಸ್ತಕದ ಮೂರು ಅಥವಾ ಐದು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ, ಸಾಧ್ಯವಾದರೆ ಬೇರೆ ಬೇರೆ ಊರುಗಳಲ್ಲಿ ಇಡುವರು. ಹೀಗೆ ಇಟ್ಟೊಡನೆ ಹೊಸದೊಂದು ಸಂಕಟ ಹುಟ್ಟುವುದು. ಪ್ರತಿಗಳು ಒಂದಕ್ಕೊಂದು ಭಿನ್ನವಾದರೆ ನಿಜವಾದದ್ದು ಯಾವುದು? ಇದನ್ನು ತೀರ್ಮಾನಿಸತಕ್ಕವರು ಯಾರು? ಒಬ್ಬ ಮುಖ್ಯಸ್ಥನೆಂದರೆ, ಅವನೇ ಸತ್ತಾಗ ಗತಿಯೇನು? ಅವನು ಸತ್ತನೋ, ಅವನ ಪತ್ರ ಬರುವುದು ತಡವಾಯಿತೋ, ಇದನ್ನು ದೂರದಲ್ಲಿರುವ ಉಳಿದವರು ಹೇಗೆ ಬಲ್ಲರು?

ಈ ಕೊನೆಯ ಪ್ರಶ್ನೆಯಲ್ಲಿಯೇ ಎಲ್ಲ ತೊಡಕೂ ಅಡಗಿದೆ. 1975ರಲ್ಲಿ ಮೂವರು ವಿದ್ವಾಂಸರು ಮೊದಲು ವಿವರಿಸಿದ, 1978ರಲ್ಲಿ ಜಿಮ್ ಗ್ರೇ ಎಂಬವರು ಸೇನಾಪತಿಗಳ ಹೆಸರಿನಲ್ಲಿ ಪ್ರಸಿದ್ಧಿಗೆ ತಂದ ಒಂದು ಸಮಸ್ಯೆಯುಂಟು. ಎರಡು ಗುಡ್ಡಗಳ ಮೇಲೆ ಒಂದೇ ಪಕ್ಷದ ಎರಡು ಸೇನೆಗಳು. ನಡುವಣ ಕಣಿವೆಯಲ್ಲಿ ಶತ್ರು. ಇಬ್ಬರು ಸೇನಾಪತಿಗಳೂ ಏಕಕಾಲದಲ್ಲಿ ಬಿದ್ದರೆ ಜಯ, ಒಬ್ಬನೇ ಬಿದ್ದರೆ ಸರ್ವನಾಶ. ದೂತನು ಕಣಿವೆಯ ಮಾರ್ಗವಾಗಿಯೇ ಹೋಗಬೇಕು, ದಾರಿಯಲ್ಲಿ ಸೆರೆಸಿಕ್ಕಬಹುದು. ‘ನಾಳೆ ಉದಯಕ್ಕೆ’ ಎಂದು ಮೊದಲನೆಯವನು ಹೇಳಿಕಳಿಸಿದನೆನ್ನೋಣ. ಉತ್ತರ ಬರುವ ತನಕ ಅವನಿಗೆ ನಿಶ್ಚಯವಿಲ್ಲ. ಉತ್ತರ ಕಳಿಸಿದ ಎರಡನೆಯವನಿಗೆ ತನ್ನ ಉತ್ತರ ತಲುಪಿತೆಂಬ ನಿಶ್ಚಯವಿಲ್ಲ. ಅದಕ್ಕೊಂದು ರಸೀದಿ ಬೇಕು. ರಸೀದಿಗೆ ಮತ್ತೊಂದು ರಸೀದಿ. ನಮ್ಮ ತಾರ್ಕಿಕರು ಅನವಸ್ಥೆಯೆಂದು ಹೆಸರಿಟ್ಟಿರುವ ದೋಷವು ಇದೇ. ಎಷ್ಟು ದೂತರು ಓಡಾಡಿದರೂ ಕೊನೆಯ ದೂತನ ವಿಷಯದಲ್ಲಿ ಸಂಶಯ ಉಳಿದೇ ಉಳಿಯುವುದು.

ಇದು ಕಟ್ಟುಕಥೆಯೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ದೇಶದಲ್ಲಿ 2016ರಲ್ಲಿ ಆರಂಭವಾದ ಯು.ಪಿ.ಐ. ಪದ್ಧತಿಯಲ್ಲಿ ಹಣ ಕಳಿಸುವವರು ಯಾವಾಗಲಾದರೊಮ್ಮೆ ಇದರ ಅನುಭವವನ್ನು ಪಡೆದೇ ಇರುವರು. ತಮ್ಮ ಖಾತೆಯಿಂದ ಹಣ ಕಳೆದಿದೆ, ಎದುರಿನವನಿಗೆ ಸೇರಿಲ್ಲ, ಫೋನಿನ ಮುಖದ ಮೇಲೆ ‘ಬಾಕಿ ಇದೆ’ ಎಂಬ ಮಾತು. ಆ ಗಳಿಗೆಯಲ್ಲಿ ಎರಡು ಬ್ಯಾಂಕುಗಳ ಯಂತ್ರಗಳು ಎರಡು ಗುಡ್ಡಗಳ ಮೇಲಣ ಸೇನಾಪತಿಗಳಂತೆಯೇ ನಿಂತಿರುವುವು. ಉತ್ತರ ಬಾರದಿರುವುದು ಕೆಲಸವಾಗದ್ದರಿಂದಲೋ, ಆದ ಮೇಲೆ ಉತ್ತರವೇ ಕಳೆದುಹೋದದ್ದರಿಂದಲೋ ಎಂಬುದು ಆಗಲೇ ಗೊತ್ತಾಗುವಂತಿಲ್ಲ. ಆಮೇಲೆ ಲೆಕ್ಕಕ್ಕೆ ಲೆಕ್ಕ ತಾಳೆ ನೋಡಿಯೇ ಸರಿಪಡಿಸಬೇಕು.

ಇನ್ನೂ ಕಠಿನವಾದ ಮಾತೊಂದುಂಟು. ಮೈಕೆಲ್ ಫಿಷರ್, ನ್ಯಾನ್ಸಿ ಲಿಂಚ್, ಮೈಕೆಲ್ ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗಣಿತದ ಮೂಲಕ ಸಿದ್ಧಪಡಿಸಿ ತೋರಿಸಿದ್ದೇನೆಂದರೆ: ಸಂದೇಶವು ತಲುಪಲು ಇಷ್ಟೇ ಕಾಲವೆಂಬ ಮಿತಿಯಿಲ್ಲದಿದ್ದಲ್ಲಿ, ಸಮೂಹದ ಒಂದೇ ಒಂದು ಯಂತ್ರವು ಕೆಡಬಹುದಾದರೂ ಸಾಕು, ನಿಯತವಾದ ಯಾವ ಕ್ರಮವನ್ನನುಸರಿಸಿದರೂ ಎಲ್ಲ ಸಂದರ್ಭಗಳಲ್ಲಿಯೂ ತೀರ್ಮಾನಕ್ಕೆ ಬಂದೇ ಬರುವೆವೆಂಬ ಭರವಸೆಯನ್ನು ಕೊಡಲಾಗದು. ತೀರ್ಮಾನವು ಎಂದಿಗೂ ಆಗದೆಂದು ಇದರ ಅರ್ಥವಲ್ಲ. ಆಗಿಯೇ ತೀರುವುದೆಂದು ಮುಚ್ಚಳಿಕೆ ಬರೆದುಕೊಡುವಂತಿಲ್ಲ, ಅಷ್ಟೆ. ದೂರದಿಂದ ನೋಡುವವನಿಗೆ ಸತ್ತವನೂ ತಡಮಾಡಿದವನೂ ಒಂದೇ ಸಮನಾಗಿ ಕಾಣುವರಾದ್ದರಿಂದ ಈ ಫಲಿತಾಂಶ.

ಹೀಗಿದ್ದರೂ ಜಗತ್ತಿನ ವ್ಯವಹಾರ ನಡೆಯುತ್ತಿದೆಯಲ್ಲ, ಹೇಗೆ? ಇದಕ್ಕೆ ಕಂಡುಕೊಂಡ ಉಪಾಯವು ಪುರಸಭೆಯ ಮೆಂಬರುಗಳಾಗಿದ್ದವರಿಗೆಲ್ಲ ಚಿರಪರಿಚಿತವಾದದ್ದು. ಅದರ ಹೆಸರು ಕೋರಂ. ಐದು ಯಂತ್ರಗಳಲ್ಲಿ ಮೂರು ಒಪ್ಪಿ ತಮ್ಮ ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡ ಹೊರತು ಯಾವ ಬರವಣಿಗೆಯೂ ನಿರ್ಣಯವಾಗತಕ್ಕದ್ದಲ್ಲ. ಉಳಿದೆರಡು ನಿದ್ರಿಸುತ್ತಿರಲಿ, ಸತ್ತಿರಲಿ, ತಂತಿ ಹರಿದು ಬೇರೆಯಾಗಿರಲಿ, ಕೆಲಸ ನಿಲ್ಲದು. ಆದರೆ ಮೂರು ಕೂಡದಿದ್ದರೆ ಸಭೆಯೇ ಇಲ್ಲ. ಈ ನಿಯಮದ ಬಲವೆಲ್ಲ ಒಂದು ಚಿಕ್ಕ ಲೆಕ್ಕದಲ್ಲಿದೆ. ಐವರಲ್ಲಿ ಯಾವ ಮೂವರನ್ನು ಆರಿಸಿದರೂ, ಮತ್ತೊಮ್ಮೆ ಬೇರೆ ಯಾವ ಮೂವರನ್ನು ಆರಿಸಿದರೂ, ಎರಡು ಗುಂಪಿಗೂ ಸೇರಿದವನು ಒಬ್ಬನಾದರೂ ಇದ್ದೇ ಇರಬೇಕು. ನಿನ್ನೆಯ ಸಭೆಯ ನಡವಳಿಕೆಯನ್ನು ಕಂಡವನೊಬ್ಬನು ಇಂದಿನ ಸಭೆಯಲ್ಲಿ ಹಾಜರಿರುವುದರಿಂದ, ನಿನ್ನೆಯ ನಿರ್ಣಯವನ್ನು ಇಂದು ಯಾರೂ ಇಲ್ಲವೆನ್ನಲಾರರು. ಯಂತ್ರಗಳ ಸಂಖ್ಯೆಯನ್ನು ಐದರಿಂದ ಆರಕ್ಕೆ ಏರಿಸಿದರೆ ಭದ್ರತೆ ಹೆಚ್ಚೀತೆಂದು ಉದಾರಿಗಳಾದ ಅಧಿಕಾರಿಗಳು ಯೋಚಿಸುವುದುಂಟು. ಆರರ ಬಹುಮತವು ನಾಲ್ಕು. ಆದ್ದರಿಂದ ಐದರಲ್ಲಿ ಎಷ್ಟು ಕೆಡಬಹುದಾಗಿತ್ತೋ ಆರರಲ್ಲಿಯೂ ಅಷ್ಟೇ, ಅಂದರೆ ಎರಡೇ ಕೆಡಬಹುದು. ಆರನೆಯದರ ಹಣ ಬಹುಮಟ್ಟಿಗೆ ದಂಡ.

ಈ ಉಪಾಯವನ್ನು ಶಾಸ್ತ್ರವಾಗಿ ನಿಲ್ಲಿಸಿದವರಲ್ಲಿ ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ಮಹಾಶಯರ ಹೆಸರು ಮುಂದಿನದು. 1990ರಲ್ಲಿ ಇವರೊಂದು ಪ್ರಬಂಧವನ್ನು ಪತ್ರಿಕೆಗೆ ಕಳಿಸಿದರು. ಗ್ರೀಸಿನ ಪ್ಯಾಕ್ಸಸ್ ಎಂಬ ದ್ವೀಪದಲ್ಲಿ ಪುರಾತನ ಕಾಲದಲ್ಲಿ ಶಾಸನಸಭೆಯೊಂದಿತ್ತೆಂದೂ, ಅದರ ಸದಸ್ಯರು ವ್ಯಾಪಾರದ ಗಡಿಬಿಡಿಯಲ್ಲಿ ಸಭೆಗೆ ಬಂದು ಹೋಗಿ ಮಾಡುತ್ತಿದ್ದರೆಂದೂ, ಆದರೂ ಅವರವರ ಕೈಪುಸ್ತಕಗಳಲ್ಲಿ ಪರಸ್ಪರ ವಿರುದ್ಧವಾದ ಶಾಸನಗಳು ಎಂದೂ ದಾಖಲಾಗಲಿಲ್ಲವೆಂದೂ ಒಂದು ಕಲ್ಪಿತ ಕಥೆಯ ರೂಪದಲ್ಲಿ ಅವರು ಇದನ್ನು ಬರೆದಿದ್ದರು. ಪರೀಕ್ಷಕರು ವಿಷಯವು ಅಷ್ಟೇನೂ ಮುಖ್ಯವಲ್ಲವೆಂದೂ ದ್ವೀಪದ ಪುರಾಣವನ್ನೆಲ್ಲ ತೆಗೆದುಹಾಕಬೇಕೆಂದೂ ಅಭಿಪ್ರಾಯಪಟ್ಟರು. ಲೇಖಕರು ಒಪ್ಪದೆ ಸುಮ್ಮನಾದರು. ಅದು ಅಚ್ಚಾದದ್ದು 1998ರಲ್ಲಿ. ಪತ್ರಿಕೆಯ ಕಚೇರಿಯಲ್ಲಿ ಕಡತದ ಬೀರುವಿನ ಹಿಂದೆ ಬಿದ್ದಿದ್ದ ಈ ಹಸ್ತಪ್ರತಿಯು ಈಚೆಗೆ ಸಿಕ್ಕಿತೆಂದು ಒಂದು ಪರಿಹಾಸದ ಟಿಪ್ಪಣಿಯನ್ನು ಸೇರಿಸಿಯೇ ಅಚ್ಚುಹಾಕಿದರು. ಸಂಪಾದಕವೃತ್ತಿಯವರಿಗೆ ಈ ಪರಿಹಾಸವು ಅಷ್ಟು ಹಗುರವಾಗಿ ತೋರದು. ಲ್ಯಾಂಪೋರ್ಟರಿಗೆ 2013ನೆಯ ಸಾಲಿನ ಟ್ಯೂರಿಂಗ್ ಪಾರಿತೋಷಕ ದೊರೆಯಿತು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನು ಹೇಳತಕ್ಕದ್ದು: ಬಾರ್ಬರಾ ಲಿಸ್ಕೋವ್ ಎಂಬ ವಿದುಷಿಯೂ ಅವರ ಶಿಷ್ಯ ಬ್ರಯನ್ ಓಕಿ ಎಂಬವರೂ 1988ರಲ್ಲಿಯೇ ಸ್ವತಂತ್ರವಾಗಿ ಇದನ್ನು ಹೋಲುವ ಕ್ರಮವೊಂದನ್ನು ಪ್ರಕಟಿಸಿದ್ದರು.

ಪ್ಯಾಕ್ಸಸ್ ಕ್ರಮದ ಸಾರವು ಇಂತಿದೆ. ಪ್ರಸ್ತಾಪ ತರುವವನು ಮೊದಲು ಒಂದು ಕ್ರಮಸಂಖ್ಯೆಯನ್ನು ಘೋಷಿಸಿ ಬಹುಮತದ ಸಮ್ಮತಿ ಕೇಳಬೇಕು. ಸಮ್ಮತಿಸಿದ ಸದಸ್ಯನು ಎರಡು ಮಾತು ಕೊಡುವನು: ಇದಕ್ಕಿಂತ ಚಿಕ್ಕ ಸಂಖ್ಯೆಯ ಪ್ರಸ್ತಾಪವನ್ನು ಇನ್ನು ಮೇಲೆ ಒಪ್ಪುವುದಿಲ್ಲವೆಂಬುದು ಒಂದು, ಈ ಮೊದಲೇ ಯಾವುದಾದರೂ ಪ್ರಸ್ತಾಪವನ್ನು ಒಪ್ಪಿದ್ದರೆ ಅದೇನೆಂದು ತಿಳಿಸುವುದು ಇನ್ನೊಂದು. ಹಾಗೆ ಹಿಂದಿನ ಪ್ರಸ್ತಾಪವು ಹೊರಬಿದ್ದರೆ, ಬಂದವನು ತನ್ನ ಇಷ್ಟವನ್ನು ಬಿಟ್ಟುಕೊಟ್ಟು, ಹೊರಬಿದ್ದವುಗಳಲ್ಲಿ ಅತ್ಯಂತ ದೊಡ್ಡ ಸಂಖ್ಯೆಯದನ್ನೇ ಮುಂದುವರಿಸತಕ್ಕದ್ದು. ಹೊಸದಾಗಿ ವರ್ಗವಾಗಿ ಬಂದ ಅಮಲ್ದಾರನು ಹಿಂದಿನವನು ರುಜು ಹಾಕಿದ ಹುಕುಮನ್ನು ತನ್ನದೆಂದೇ ನಡೆಸಬೇಕಾದಂತೆ. ಹಳೆಯ ಮುಖ್ಯಸ್ಥನು ಸತ್ತನೆಂದು ತಿಳಿದು ಬೇರೊಬ್ಬನನ್ನು ಕೂರಿಸಿದ ಮೇಲೆ ಅವನು ಎದ್ದುಬಂದು ಅಪ್ಪಣೆ ಕೊಡತೊಡಗಿದರೂ ಅನಾಹುತವಿಲ್ಲ. ಅವನ ಸಂಖ್ಯೆ ಹಳೆಯದಾದ್ದರಿಂದ ಬಹುಮತವು ಅದನ್ನು ಕಿವಿಗೆ ಹಾಕಿಕೊಳ್ಳದು.

ಈ ಕ್ರಮವು ಅರ್ಥವಾಗುವುದು ಕಷ್ಟವೆಂಬ ದೂರು ಬಹುಕಾಲವಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಯೆಗೊ ಒಂಗಾರೊ, ಜಾನ್ ಔಸ್ಟರ್‌ಹೌಟ್ ಎಂಬವರು, ಸುಲಭವಾಗಿ ತಿಳಿಯಬೇಕೆಂಬುದನ್ನೇ ಉದ್ದೇಶವಾಗಿಟ್ಟುಕೊಂಡು, 2014ರಲ್ಲಿ ರಾಫ್ಟ್ ಎಂಬ ಕ್ರಮವನ್ನು ಪ್ರಕಟಿಸಿದರು. ಇದರಲ್ಲಿ ಮುಖ್ಯಯಂತ್ರವು ‘ನಾನಿದ್ದೇನೆ’ ಎಂದು ಆಗಾಗ ಕೂಗುತ್ತಿರಬೇಕು. ನಿಯಮಿತ ಕಾಲದೊಳಗೆ ಆ ಕೂಗು ಕೇಳದಿದ್ದ ಯಂತ್ರವು ಹೊಸ ಅವಧಿಯ ಚುನಾವಣೆಗೆ ತಾನೇ ನಿಲ್ಲುವುದು. ಎಲ್ಲವೂ ಏಕಕಾಲದಲ್ಲಿ ನಿಂತು ಮತಗಳು ಒಡೆದುಹೋಗಬಾರದೆಂದು ಪ್ರತಿಯೊಂದು ಯಂತ್ರವೂ ಕಾಯುವ ಕಾಲವನ್ನು ಕುರುಡುಗೈಯಿಂದ ಚೀಟಿಯೆತ್ತಿದಂತೆ ಆರಿಸಿಕೊಳ್ಳುವುದು. ಅದರ ಕರ್ತರು ಉದಾಹರಿಸಿರುವುದು ಸೆಕೆಂಡಿನ ಸಾವಿರದಲ್ಲಿ 150ರಿಂದ 300 ಭಾಗಗಳ ನಡುವಣ ಕಾಲವನ್ನು. ಮೇಲೆ ಹೇಳಿದ ಮೂವರ ಸಿದ್ಧಾಂತವು ನಿಯತಕ್ರಮಕ್ಕೆ ನಿರಾಕರಿಸಿದ್ದನ್ನು ಅದೃಷ್ಟದ ಚೀಟಿಯು ವ್ಯವಹಾರದಲ್ಲಿ ಬಹುಮಟ್ಟಿಗೆ ದೊರಕಿಸಿಕೊಡುವುದು.

ಇಷ್ಟು ಹೊತ್ತೂ ನಾವು ಯಂತ್ರವು ಒಂದೋ ಸರಿಯಾಗಿ ನಡೆಯುವುದು, ಇಲ್ಲವೇ ಸುಮ್ಮನಾಗುವುದು ಎಂದು ಭಾವಿಸಿದೆವು. ಸುಳ್ಳು ಹೇಳುವ ಯಂತ್ರದ ಗತಿಯೇನು? ವಿಮಾನವನ್ನು ನಡೆಸುವ ಗಣಕಯಂತ್ರಗಳ ವಿಷಯವಾಗಿ ಸಂಶೋಧನೆ ನಡೆಯುತ್ತಿದ್ದಾಗ ಈ ಪ್ರಶ್ನೆ ಎದ್ದಿತು. ಕೆಟ್ಟ ಯಂತ್ರವೊಂದು ಒಂದು ಕಡೆಗೆ ಒಂದು ಅಂಕಿಯನ್ನೂ ಮತ್ತೊಂದು ಕಡೆಗೆ ಬೇರೆ ಅಂಕಿಯನ್ನೂ ಹೇಳಬಲ್ಲುದು. ಪೀಸ್, ಶೋಸ್ಟಾಕ್, ಲ್ಯಾಂಪೋರ್ಟ್ ಎಂಬ ಮೂವರು 1980ರಲ್ಲಿಯೂ 1982ರಲ್ಲಿಯೂ ಇದರ ಉತ್ತರವನ್ನು ಪ್ರಕಟಿಸಿದರು. ಮೂವರಲ್ಲೊಬ್ಬನು ದ್ರೋಹಿಯಾದರೆ, ಉಳಿದಿಬ್ಬರಿಗೆ ಬರಿಯ ಬಾಯಿಮಾತಿನಿಂದ ನಿಜವನ್ನು ಅರಿಯಲಾಗದು. ‘ಎರಡನೆಯವನು ನನಗೆ ಹೀಗೆಂದನು’ ಎಂದು ಮೂರನೆಯವನು ಹೇಳಿದಾಗ, ಸುಳ್ಳು ಎರಡನೆಯವನದೋ ಮೂರನೆಯವನದೋ ತಿಳಿಯದು. ನಾಲ್ವರಿದ್ದರೆ ಸಾಧ್ಯ. ಇಬ್ಬರು ದ್ರೋಹಿಗಳಿಗೆ ಒಟ್ಟು ಏಳು ಮಂದಿ ಬೇಕು, ಮೂವರಿಗೆ ಹತ್ತು. ಖೋಟಾ ಮಾಡಲಾಗದ ರುಜುವಿನೊಡನೆ ಸಂದೇಶ ಕಳಿಸಿದರೆ ಮಾತ್ರ ಇಷ್ಟು ಜನರ ಅಗತ್ಯವಿಲ್ಲ. ಇದಕ್ಕೆ ಬೈಜಾಂಟಿಯಂ ಸೇನಾಪತಿಗಳ ಸಮಸ್ಯೆಯೆಂದು ಹೆಸರು. ಮೊದಲು ಅಲ್ಬೇನಿಯದ ಸೇನಾಪತಿಗಳೆಂದು ಹೆಸರಿಡುವ ಯೋಚನೆಯಿತ್ತಂತೆ. ಅಲ್ಬೇನಿಯದವರು ತಮ್ಮ ದೇಶದ ಹೊರಗೂ ಇರುವರು, ನೊಂದುಕೊಂಡಾರು ಎಂದು ಹಿತೈಷಿಗಳೊಬ್ಬರು ಸೂಚಿಸಿದ ಮೇಲೆ, ನೊಂದುಕೊಳ್ಳಲು ಯಾರೂ ಉಳಿದಿಲ್ಲದ ಸಾಮ್ರಾಜ್ಯವೊಂದನ್ನು ಹುಡುಕಿದರು. ಯಂತ್ರವು ಬೇಕೆಂದೇ ದ್ರೋಹ ಮಾಡಬೇಕಾಗಿಲ್ಲ. 2020ರ ನವೆಂಬರ್ 2ರಂದು ಕ್ಲೌಡ್‌ಫ್ಲೇರ್ ಎಂಬ ಕಂಪೆನಿಯಲ್ಲಿ ಸಂಪರ್ಕದ ಒಂದು ಸ್ವಿಚ್ಚು ಪೂರ್ತಿ ಸಾಯದೆ ಅರೆಜೀವವಾಗಿ, ಮೂರು ಯಂತ್ರಗಳ ಸಭೆಯಲ್ಲಿ ಒಂದಕ್ಕೆ ಮುಖ್ಯಸ್ಥನ ಮಾತು ಮಾತ್ರ ಕೇಳಿಸದಂತಾಯಿತು. ಇನ್ನೊಂದರ ಮಾತು ಕೇಳಿಸುತ್ತಲೇ ಇತ್ತು. ಅದು ಮುಖ್ಯಸ್ಥನು ಸತ್ತನೆಂದು ಬಗೆದು ಮೇಲಿಂದ ಮೇಲೆ ಚುನಾವಣೆಯನ್ನು ಕೂಗುತ್ತ ಕಾರ್ಯಭಾರವನ್ನೇ ಕೆಡಿಸಿತು. ಸಾಯುವ ಯಂತ್ರಕ್ಕಿಂತ ಸಾಯದೆ ನರಳುವ ಯಂತ್ರವೇ ಅಪಾಯಕರ.

ಇನ್ನು ಗಿಟ್‌ಹಬ್ಬಿನ ವಿಷಯ. ಅಲ್ಲಿ ಕೋರಂ ಇರಲಿಲ್ಲವೇ? ಇತ್ತು, ವಾಚಕರು ಗಮನಿಸತಕ್ಕದ್ದು ಇದನ್ನೇ. ಯಾವ ಊರಿನ ಪುಸ್ತಕವು ಮುಖ್ಯವೆಂಬುದನ್ನು ನಿರ್ಣಯಿಸುವ ಯಂತ್ರಗಳು ಹಲವೆಡೆ ಹಂಚಿಕೊಂಡು ರಾಫ್ಟ್ ಕ್ರಮದಂತೆಯೇ ನಡೆಯುತ್ತಿದ್ದವು. ಪೂರ್ವದ ಮುಖ್ಯಕೇಂದ್ರವು ಕಾಣದಾದಾಗ, ಉಳಿದ ಸ್ಥಳಗಳವು ಬಹುಮತ ಕೂಡಿಸಿ, ಪೂರ್ವದ ಪುಸ್ತಕವನ್ನು ಕೆಳಗಿಳಿಸಿ ಪಶ್ಚಿಮತೀರದ ಪುಸ್ತಕಕ್ಕೆ ಪಟ್ಟ ಕಟ್ಟಿದವು. ನಿಯಮಕ್ಕೆ ಲೇಶವೂ ಭಂಗವಿಲ್ಲ. ಆದರೆ ಪಟ್ಟವನ್ನು ಬಹುಮತಕ್ಕೆ ಬಿಟ್ಟಿದ್ದವರು ಪುಸ್ತಕದ ಬರವಣಿಗೆಯನ್ನು ಎರಡು ತೀರಗಳ ಬಹುಮತಕ್ಕೆ ಬಿಟ್ಟಿರಲಿಲ್ಲ. ಪೂರ್ವದಲ್ಲಿ ಬರೆದದ್ದು ಪಶ್ಚಿಮಕ್ಕೆ ತುಸು ಹಿಂದುಮುಂದಾಗಿ ತಲುಪುತ್ತಿತ್ತು. ಹೀಗಾಗಿ ತಂತಿ ಕಡಿದ ಹೊತ್ತಿನ ಕೆಲವು ದಾಖಲೆಗಳು ಪೂರ್ವದಲ್ಲಿ ಮಾತ್ರ ಉಳಿದವು. ಪಶ್ಚಿಮವು ಸುಮಾರು 40 ನಿಮಿಷ ಹೊಸ ದಾಖಲೆಗಳನ್ನು ಬರೆದುಕೊಂಡಿತು. ಎರಡು ಪುಸ್ತಕಗಳು, ಒಂದರಲ್ಲಿದ್ದದ್ದು ಮತ್ತೊಂದರಲ್ಲಿಲ್ಲ. ಅತ್ಯಂತ ಹೆಚ್ಚಿನ ಕೆಲಸವಿದ್ದ ಪುಸ್ತಕಸಮೂಹಗಳಲ್ಲೊಂದರಲ್ಲಿ ಹೀಗೆ ಅನಾಥವಾದ ದಾಖಲೆಗಳು 954. ಕಂಪೆನಿಯವರು ವೇಗಕ್ಕಿಂತ ಲೆಕ್ಕದ ಶುದ್ಧಿಯೇ ಮೇಲೆಂದು ತೀರ್ಮಾನಿಸಿ, ಕೆಲವು ಸೇವೆಗಳನ್ನು ತಾವೇ ನಿಲ್ಲಿಸಿ, ಕಾದಿಟ್ಟ ಹಳೆಯ ಪ್ರತಿಗಳಿಂದ ಎಲ್ಲವನ್ನೂ ಮರಳಿ ಕಟ್ಟಿದರು. ಮುಂದೆ ಪಟ್ಟವು ಒಂದು ತೀರವನ್ನು ಬಿಟ್ಟು ಇನ್ನೊಂದಕ್ಕೆ ತಾನಾಗಿ ಹಾರದಂತೆ ಕಟ್ಟಳೆ ಮಾಡಿದರು. ಮುಖ್ಯಸ್ಥನಾರೆಂಬುದರಲ್ಲಿ ಒಮ್ಮತವಿದ್ದು ಪುಸ್ತಕದಲ್ಲಿ ಏನು ಬರೆದಿದೆಯೆಂಬುದರಲ್ಲಿ ಒಮ್ಮತವಿಲ್ಲದಿದ್ದರೆ ಆಗುವ ಫಲವು ಇದು.

ನಮ್ಮ ಕಚೇರಿಗಳ ಕಿಟಕಿಗೆ ಈಗ ಹಿಂದಿರುಗೋಣ. ಜಾಲವು ಇಬ್ಭಾಗವಾದಾಗ ಯಂತ್ರಗಳ ಮುಂದೆ ಎರಡೇ ಮಾರ್ಗಗಳು. ಬಹುಮತವಿಲ್ಲದ ಕಡೆಯು ಬಾಗಿಲು ಹಾಕಬೇಕು. ಇಲ್ಲವೇ ಲೆಕ್ಕ ಎರಡಾದರೂ ಚಿಂತೆಯಿಲ್ಲವೆಂದು ಕೆಲಸ ನಡೆಸಬೇಕು. ಎರಡೂ ಒಟ್ಟಿಗೆ ಸಿಕ್ಕುವುದಿಲ್ಲವೆಂದು ಎರಿಕ್ ಬ್ರೂಯರ್ ಎಂಬವರು 2000ದಲ್ಲಿ ಸೂಚಿಸಿದರು. ಸೇತ್ ಗಿಲ್ಬರ್ಟ್, ನ್ಯಾನ್ಸಿ ಲಿಂಚ್ ಎಂಬವರು 2002ರಲ್ಲಿ ಸಿದ್ಧಪಡಿಸಿದರು. ಅಮೆಜಾನ್ ಕಂಪೆನಿಯವರು 2007ರಲ್ಲಿ ಪ್ರಕಟಿಸಿದ ಡೈನಮೊ ಎಂಬ ಪದ್ಧತಿಯಲ್ಲಿ ಎರಡನೆಯ ಮಾರ್ಗವನ್ನೇ ಹಿಡಿದರು. ಗಿರಾಕಿಯ ಸರಕಿನ ಬುಟ್ಟಿಯ ವಿಷಯ. ಅವನು ತೆಗೆದುಹಾಕಿದ ಸಾಮಾನು ಮತ್ತೆ ಬುಟ್ಟಿಯಲ್ಲಿ ಕಾಣಿಸಿಕೊಂಡರೂ ಪರವಾಯಿಲ್ಲ, ಅಂಗಡಿಯ ಬಾಗಿಲು ಮಾತ್ರ ಮುಚ್ಚಬಾರದು. ವ್ಯಾಪಾರಕ್ಕೆ ಇದು ತಕ್ಕದ್ದೇ. ಆದರೆ ಒಂದೇ ಜಮೀನು ಒಂದೇ ದಿನ ಎರಡು ಹೆಸರಿಗೆ ಖಾತೆಯಾಗುವುದು ಬುಟ್ಟಿಯ ಮಾತಲ್ಲ. ಪಹಣಿ, ಖಜಾನೆ, ಬ್ಯಾಂಕಿನ ಬಾಕಿ, ಇಂಥವುಗಳಲ್ಲಿ ಯಂತ್ರವು ತಪ್ಪು ಬರೆಯುವುದಕ್ಕಿಂತ ಅರ್ಧ ಗಂಟೆ ಮೌನವಾಗಿರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಈ ಮಾತನ್ನು ಹಿಡಿದು, ದುರಸ್ತಿಗೆ ಆಳಿಲ್ಲದೆ, ವಿದ್ಯುತ್ತಿಗೆ ಏರ್ಪಾಡಿಲ್ಲದೆ ದಿನಗಟ್ಟಲೆ ಮುಚ್ಚಿರುವ ಕಿಟಕಿಗಳಿಗೂ ವಿವೇಕದ ಹೆಸರಿಡುವವರನ್ನು ನಾವು ಸಮರ್ಥಿಸುವವರಲ್ಲ. ಕೋರಂ ಕೂಡದೆ ನಿಂತದ್ದು ಬೇರೆ. ಸದಸ್ಯರನ್ನು ಕರೆಯದೆಯೇ ಕೋರಂ ಇಲ್ಲವೆನ್ನುವುದು ಬೇರೆ.

ಸಾರ್ವಜನಿಕ ದಾಖಲೆಗಳಿಗಾಗಿ ಯಂತ್ರಗಳನ್ನು ಕೊಳ್ಳುವ ಅಧಿಕಾರಿಗಳು ಟೆಂಡರಿನಲ್ಲಿ ಎಂದೂ ನಿಲ್ಲಬಾರದೆಂದೂ ಎಂದೂ ತಪ್ಪಬಾರದೆಂದೂ ಎರಡು ಷರತ್ತುಗಳನ್ನು ಒಂದೇ ಉಸಿರಿನಲ್ಲಿ ಬರೆಯುವುದು ವಾಡಿಕೆ. ಕಂಟ್ರಾಕ್ಟುದಾರನು ಎರಡಕ್ಕೂ ಒಪ್ಪಿ ರುಜು ಹಾಕುವನು. ಅದಕ್ಕೆ ಬದಲಾಗಿ, ಪ್ರತಿಗಳೆಷ್ಟು, ಬರವಣಿಗೆಗೆ ಬಹುಮತ ಬೇಕೋ ಇಲ್ಲವೋ, ಬಹುಮತ ಸಿಕ್ಕದಾಗ ಯಾವ ಕೆಲಸ ನಿಲ್ಲುವುದು, ಯಾವುದು ನಡೆಯುವುದು, ನಿಮ್ಮೆದುರಿಗೆ ತಂತಿಯನ್ನು ಕಿತ್ತು ತೋರಿಸುವಿರಾ ಎಂದು ಕೇಳುವುದು ಮೇಲು. ಮುಖ್ಯವಾಗಿ ಎಷ್ಟು ಊರುಗಳಲ್ಲಿ ಎಂದು ಕೇಳತಕ್ಕದ್ದು. ಎರಡು ಊರುಗಳಲ್ಲಿ ಯಂತ್ರಗಳನ್ನು ಹೇಗೆ ಹಂಚಿದರೂ ಒಂದರಲ್ಲಿ ಬಹುಮತವಿರುವುದು, ಇಲ್ಲವೇ ಎರಡರಲ್ಲೂ ಸಮಸಂಖ್ಯೆಯಿರುವುದು. ಮೊದಲಿನದಾದರೆ ಬಹುಮತದ ಊರು ಕೆಟ್ಟ ದಿನ ಎಲ್ಲವೂ ನಿಲ್ಲುವುದು. ಎರಡನೆಯದಾದರೆ ಯಾವ ಊರು ಕೆಟ್ಟರೂ ನಿಲ್ಲುವುದು. ಮೂರನೆಯ ಊರೊಂದರಲ್ಲಿ, ಲೆಕ್ಕವನ್ನೆಲ್ಲ ಹೊತ್ತುಕೊಳ್ಳದೆ ಮತ ಕೊಡುವುದಕ್ಕೆ ಮಾತ್ರ ಕುಳಿತಿರುವ ಸಣ್ಣ ಯಂತ್ರವೊಂದಿದ್ದರೂ ಈ ಕುಂದು ತೀರುವುದು. ಅದರ ಖರ್ಚು ಉಳಿದೆರಡು ಊರುಗಳ ಖರ್ಚಿನ ಮುಂದೆ ಅತ್ಯಲ್ಪ.